ಕೆಂಪು ಕ್ಲಿಪ್ಪಿನ ಸರದಿ

"ಯಾರ್ರೀ ಅದು! ಕೆಂಪು ಯಾರು ಆನ್ ಮಾಡಿದ್ರಿ? ಆಫ್ ಮಾಡ್ರಿ... ಆಫ್ ಮಾಡ್ರಿ!"

ಆ ಕೂಗಿಗೆ ಸುಕೃತಿ ತಲೆ ಎತ್ತಿದಳು.

ಏನಾಗುತ್ತಿದೆ ಎಂದು ತಿಳಿಯುವ ಮೊದಲೇ, ಮಣ್ಣಿನ ಟ್ರ್ಯಾಕಿನಲ್ಲಿ ನೆಟ್ಟಗೆ ಓಡುತ್ತಿದ್ದ ರಿಮೋಟಿನ ಪುಟ್ಟ ಬಗ್ಗಿ ಕಾರೊಂದು ದೆವ್ವ ಹಿಡಿದಂತೆ ಗಿರಕಿ ಹೊಡೆಯಿತು. ಪ್ಲೈವುಡ್ ದಿಬ್ಬ ಹತ್ತಿ ಹಾರಿ, ಮುಚ್ಚಿದ ಷೆಡ್ಡಿನ ಗೋಡೆಗೆ ಮೂತಿ ಬಡಿದುಕೊಂಡು ಬಿತ್ತು. ಮುಂದಿನ ಚಕ್ರವೊಂದು ಕಿತ್ತುಕೊಂಡು, ಉರುಳಿ ಉರುಳಿ ಬಂದು ಅವಳ ಚಪ್ಪಲಿಯ ಹತ್ತಿರ ಮಲಗಿತು.

ಅವಳ ಹೆಬ್ಬೆರಳು ಇನ್ನೂ ರಿಮೋಟಿನ ಸ್ವಿಚ್ಚಿನ ಮೇಲೇ ಇತ್ತು!

"ಪುಟ್ಟೀ..." ಪಕ್ಕದಲ್ಲಿದ್ದ ಅಪ್ಪ ಕೃಷ್ಣಸ್ವಾಮಿ ಮೆಲ್ಲಗೆ ಅಂದರು, "ಬೋರ್ಡ್ ನೋಡಿದ್ಯೇನೇ?"

ಯಾವ ಬೋರ್ಡು? ಆಗ ಕಾಣಿಸಿತು. ಬೇವಿನ ಮರಕ್ಕೆ ಕಟ್ಟಿದ ಒಂದು ಹಲಗೆ. ಅದರಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳು... ಹಳದಿ, ಹಸಿರು, ನೀಲಿ, ಕಂದು. ಕೆಂಪು ಮಾತ್ರ ಇರಲಿಲ್ಲ.

ಅದು ಓಡಿ ಬರುತ್ತಿದ್ದ ಹುಡುಗನ ಕಾಲರಿನಲ್ಲಿತ್ತು.

ಬೈತಾನೆ. ಎಲ್ಲರೆದುರೇ ಬೈತಾನೆ. ಭೂಮಿ ಬಾಯಿ ಬಿಡಬಾರದೇ!

ಆ ಚಕ್ರವನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. ಅವನು ಚಕ್ರ ನೋಡಿದ. ಅವಳ ಮುಖ ನೋಡಿದ. ಸಿಟ್ಟೆಲ್ಲ ಎಲ್ಲಿ ಹೋಯಿತೋ...

"ಏನ್ರೀ ಇದು! ಗುಡಿ ಪ್ರಸಾದ ಕೊಟ್ಟಂಗ ಕೊಡಾಕತ್ತೀರಲ್ಲ!"

"ಸಾ... ಸಾರಿ. ನನಗೆ ಗೊತ್ತಿರ್ಲಿಲ್ಲ."

"ಇರ್ಲಿ ಬಿಡ್ರಿ. ಗಾಡಿದು ತೋಳು ಮುರದೈತಿ, ಜೀವ ಹೋಗಿಲ್ಲ." ನಕ್ಕ. "ನಾನು ರೇವಣಸಿದ್ದ. ನಿಮ್ದೂ ಕೆಂಪ ಏನು? ಹಂಗಾದ್ರ ನಮ್ಮಿಬ್ಬರದು ಇನ್ನ ಕಷ್ಟ ಐತಿ!"

* * *

ಅಲ್ಲಿ ಓಡುತ್ತಿದ್ದವು ಅಂಗಡಿಯ ಆಟಿಕೆಗಳಲ್ಲ. ಎಂಬತ್ತರ ದಶಕದ ಮಾದರಿಯ ಬಗ್ಗಿ ಕಿಟ್ಟುಗಳು. ಡಬ್ಬಿ ಬಿಚ್ಚಿದರೆ ಬರೀ ಬಿಡಿಭಾಗ. ಗೇರು, ಸ್ಪ್ರಿಂಗು, ಸ್ಕ್ರೂ ಎಲ್ಲವನ್ನೂ ಕೈಯಾರೆ ಕೂಡಿಸಬೇಕು. ಕೃಷ್ಣಸ್ವಾಮಿಗಳು ಸರ್ಕಾರಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವಯಸ್ಸಿನಲ್ಲಿ ಒಂದು ಪತ್ರಿಕೆಯಲ್ಲಿ ಚಿತ್ರ ನೋಡಿ ಆಸೆಪಟ್ಟಿದ್ದರು. ನಿವೃತ್ತಿಯಾದ ಮೇಲೆ ತರಿಸಿದರು. ಆದರೆ ಅಷ್ಟರಲ್ಲಿ ಕೈ ನಡುಗುತ್ತಿತ್ತು. ಕೂಡಿಸಿದ್ದು, ಬಣ್ಣ ಬಳಿದಿದ್ದು, ಈಗ ಓಡಿಸುತ್ತಿದ್ದುದು ಮಗಳು.

ಪೀಣ್ಯದ ಆ ಖಾಲಿ ಜಾಗದಲ್ಲಿ ಭಾನುವಾರ ಸೇರುವವರ ಹಟ ಒಂದೇ... ರೇಡಿಯೋ ಕೂಡ ಹಳೆಯದೇ ಇರಬೇಕು. ಹಳೆಯ ರೇಡಿಯೋ ಅಂದರೆ ಕ್ರಿಸ್ಟಲ್ಲು. ರಿಮೋಟಿಗೊಂದು, ಗಾಡಿಗೊಂದು, ಉಗುರಿನಷ್ಟು ಪುಟ್ಟ ಜೋಡಿ. ಒಂದೊಂದು ಜೋಡಿಗೆ ಒಂದೊಂದು ಬಣ್ಣ. ಒಂದೇ ಬಣ್ಣದ ಎರಡು ರಿಮೋಟು ಒಟ್ಟಿಗೆ ಆನ್ ಆದರೆ ಒಂದು ಇನ್ನೊಂದರ ಗಾಡಿಯನ್ನು ಕೆಡಿಸುತ್ತದೆ. ಅದಕ್ಕೇ ಕ್ಲಿಪ್ಪು. ಯಾರ ಕಾಲರಿನಲ್ಲಿ ಕ್ಲಿಪ್ಪಿದೆಯೋ ಅವರ ಸರದಿ. ಆ ಬಣ್ಣದ ಇನ್ನೊಬ್ಬರು ಕಾಯಬೇಕು.

ಬೇರೆ ಬಣ್ಣದವರೆಲ್ಲ ಒಟ್ಟಿಗೆ ಓಡಿಸುತ್ತಿದ್ದರು. ಒಂದೇ ಬಣ್ಣಕ್ಕೆ ಇಬ್ಬರಿದ್ದದ್ದು ಕೆಂಪಿನಲ್ಲಿ ಮಾತ್ರ. ಸುಕೃತಿ, ರೇವಣಸಿದ್ದ.

ಹೀಗಾಗಿ ಅವನು ಓಡಿಸುವಾಗ ಅವಳು ಟ್ರ್ಯಾಕಿನ ಅಂಚಿನಲ್ಲಿ ನಿಲ್ಲುತ್ತಿದ್ದಳು. ಗಾಡಿ ಮಗುಚಿದರೆ ಓಡಿಹೋಗಿ ನೆಟ್ಟಗೆ ಮಾಡಬೇಕು. ಅವಳು ಓಡಿಸುವಾಗ ಅವನು. ಬ್ಯಾಟರಿ ಮುಗಿದೊಡನೆ ಅವನು ಕಾಲರಿನಿಂದ ಕ್ಲಿಪ್ಪು ತೆಗೆದು ಅವಳ ಅಂಗೈಯಲ್ಲಿಡುತ್ತಿದ್ದ. ಅದು ಅವನ ಮೈಯ ಬಿಸಿಗೆ ಬೆಚ್ಚಗಿರುತ್ತಿತ್ತು...

ಆ ಬೆಚ್ಚಗಿನ ಕ್ಲಿಪ್ಪಿಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಮಾತೂ ಹಾಗೆ ಹಾಗೆ ಬೆಳೆಯಿತು. ಅವನು ವಿಜಯಪುರದ ಕಡೆಯವನು. ಬಾಗಲಗುಂಟೆಯಲ್ಲಿ ಬಾಡಿಗೆ ರೂಮು, ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ. ಅವಳ ಗಾಡಿಯ ಚಕ್ರಗಳ ಪ್ಲಾಸ್ಟಿಕ್ ಬುಷ್‌ಗಳನ್ನು ತೆಗೆದು ಬೇರಿಂಗ್ ಹಾಕಿಕೊಟ್ಟ. ಅವನ ಗಾಡಿಯ ಮೈಗೆ ಅವಳು ಬಣ್ಣ ಬಳಿದುಕೊಟ್ಟಳು. ಗಾಜಿನಂಥ ಪ್ಲಾಸ್ಟಿಕ್ಕು, ಒಳಗಡೆಯಿಂದಲೇ ಬಳಿಯಬೇಕು. ಮೊದಲು ಸಣ್ಣ ಗೆರೆ, ಕೊನೆಗೆ ದೊಡ್ಡ ಬಣ್ಣ.

"ಎಲ್ಲಾ ಉಲ್ಟಾ ಮಾಡ್ತೀರಲ್ರಿ! ತಲಿ ತಿರಗಂಗಿಲ್ಲೇನು?"

"ನನಗೆ ಅದೇ ಸುಲಭ."

"ಹೌದ್ಹೌದು. ನೀವು ಮಾತಾಡೂದೂ ಹಂಗ. ಮೊದಲ ನಾಲ್ಕು ಸಲ ಇಲ್ಲ ಅಂತೀರಿ, ಆಮ್ಯಾಲ ಹೂಂ ಅಂತೀರಿ!"

ಅವಳು ನಕ್ಕು ಮುಖ ತಗ್ಗಿಸಿದಳು. ಅವತ್ತು ಮನೆಗೆ ಹೋಗಿ ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದಳು.

* * *

ಒಂದು ಭಾನುವಾರ ಅವಳು ಬರುವುದು ತಡವಾಯಿತು. ಗೇಟಿನ ಹತ್ತಿರ ಬರುತ್ತಿದ್ದಾಗ, ಹಳದಿ ಕ್ಲಿಪ್ಪಿನ ಪ್ರಿಯಾಂಕಾ ಅವನನ್ನು ರೇಗಿಸುತ್ತಿದ್ದಳು.

"ಏನ್ ಗುರು, ಮೇಡಂ ಬರೋತನಕ ಗಾಡಿ ಕೆಳಗೇ ಇಡಲ್ವಾ? ಒಂದೂವರೆ ವರ್ಷದಿಂದ ಅರ್ಧ ದಿನ ಬೇಲಿ ಪಕ್ಕಾನೇ ನಿಂತಿದ್ದೀಯ. ಬೋರ್ ಆಗಲ್ವಾ ನಿಂಗೆ?"

"ಏನ್ ಮಾಡೂದ್ರಿ..." ಅವನು ನಿಟ್ಟುಸಿರುಬಿಟ್ಟ. "ಇದಕ್ಕೊಂದು ದಾರಿ ಹುಡಕಬೇಕು."

ಸುಕೃತಿಯ ಹೆಜ್ಜೆ ಅಲ್ಲೇ ನಿಂತಿತು.

ದಾರಿ... ಹುಡುಕಬೇಕಾ? ನನ್ನಿಂದ ಅವರಿಗೆ ಅಷ್ಟು ತೊಂದರೆಯಾ?

ಕೆಲವು ವಾರ ಕಳೆದವು. ಅವತ್ತು ಅವನು ಬಂದವನೇ, ಒಂದು ಪುಟ್ಟ ಡಬ್ಬಿಯನ್ನು ಅವಳ ಕೈಗಿಟ್ಟ. ಮುಖ ಹೊಳೆಯುತ್ತಿತ್ತು. ಒಳಗೆ ಒಂದು ಜೊತೆ ಕ್ರಿಸ್ಟಲ್ಲು. ತಲೆಯ ಮೇಲೆ ನೀಲಿ ಚುಕ್ಕಿ.

"ನಿಮಗ ಇದು. ನೀಲಿ! ಇಲ್ಲೆ ಯಾರ್ದೂ ನೀಲಿ ಇಲ್ಲ. ಇನ್ನ ಮ್ಯಾಲ ಒಬ್ಬರ ಸಲುವಾಗಿ ಒಬ್ಬರು ನಿಂದ್ರೂದು ಬ್ಯಾಡ..."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಾರ್ಖಾನೆಯಲ್ಲಿ ಮೆಷಿನ್ ನಿಂತಿದೆಯಂತೆ. "ಬಂದು ಎಲ್ಲಾ ಹೇಳ್ತೀನ್ರಿ!" ಎಂದವನೇ ಬೈಕು ಹತ್ತಿ ಹೋದ.

ಅವಳು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು.

ಕೆಂಪು ಅವರಿಗೆ. ನಾನು ನೀಲಿಗೆ ಹೋಗಬೇಕು. ಇನ್ನು ಕ್ಲಿಪ್ಪು ನನ್ನ ಕೈಗೆ ಬರಲ್ಲ... ನನಗಾಗಿ ಬೇಲಿ ಪಕ್ಕ ನಿಲ್ಲಲ್ಲ. ಇದೇ ಆ ದಾರಿ!

ಪ್ರೀತಿಸಿದವಳಿಗೆ ಮೊದಲು ಬರುವುದು ಅನುಮಾನವಲ್ಲ, ನಾಚಿಕೆ. ಇಷ್ಟು ದಿನ ಅವನು ಸೌಜನ್ಯಕ್ಕೆ ನಿಂತದ್ದನ್ನು ತಾನು ಏನೇನೋ ಅಂದುಕೊಂಡೆನಲ್ಲ ಎಂಬ ನಾಚಿಕೆ. ಅವಳು ಮರದ ಹಿಂದೆ ಹೋಗಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು.

ಮುಂದಿನ ಭಾನುವಾರ ಅವನು ಹತ್ತಿರ ಬರುವ ಮೊದಲೇ ಡಬ್ಬಿ ಚಾಚಿದಳು.

"ಇದು ನನಗೆ ಬೇಡ."

"ಯಾಕ್ರೀ? ಕೂಡಂಗಿಲ್ಲೇನು?"

"ಹಾಕಿ ನೋಡಿಲ್ಲ. ನೀವು ಆರಾಮಾಗಿ ಓಡಿಸ್ಕೊಳ್ಳಿ. ನಾನಿನ್ನು ಬರಲ್ಲ. ಇಷ್ಟು ದಿನ ನಿಮ್ಮ ಟೈಮ್ ಹಾಳು ಮಾಡ್ಬಿಟ್ಟೆ."

ಅವನ ಮುಖದ ಬೆಳಕು ಆರಿಹೋಯಿತು.

"ಸುಕೃತಿ ಅವ್ರೇ... ನಾ ಏನರ ತಪ್ಪು ಮಾಡಿದ್ನೇನ್ರಿ?"

"ಇಲ್ಲ."

"ನಾ ಕೊಟ್ಟಿದ್ದು... ನಿಮ್ಮ ಮನ್ಯಾಗ ಏನಾರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ಬಿಡಿ."

ಒಂದು ಮಾತು ಕೇಳಿದ್ದರೆ ಸಾಕಿತ್ತು. 'ಯಾಕೆ ತಂದಿರಿ' ಎಂಬ ಎರಡೇ ಪದ. ಆದರೆ ಅವಳು ಅದನ್ನೂ ಕೇಳಲಿಲ್ಲ. ತಿರುಗಿ ನಡೆದಳು. ಹಿಂದೆ ಕರೆಯುತ್ತಾನೆ, ಕರೆಯುತ್ತಾನೆ... ಎಂದುಕೊಳ್ಳುತ್ತಲೇ ಗೇಟು ದಾಟಿದಳು.

ಅವನು ಕರೆಯಲಿಲ್ಲ.

* * *

ಆಮೇಲಿನ ಭಾನುವಾರಗಳು ಉದ್ದವಾದವು.

ಗಾಡಿ ಮಂಚದ ಕೆಳಗೆ ಹೋಯಿತು. ಅಪ್ಪ ಕೇಳಿದಾಗಲೆಲ್ಲ ತಲೆನೋವು. ಸಂಜೆ ಪಕ್ಕದ ಬೀದಿಯಲ್ಲಿ ಬೈಕಿನ ಸದ್ದಾದರೆ ಕಿವಿ ನಿಮಿರುತ್ತಿತ್ತು. ಬೈಕು ಮುಂದೆ ಹೋಗುತ್ತಿತ್ತು. ಪ್ರತಿಸಲವೂ ಮುಂದೆಯೇ ಹೋಗುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ಅವಳಿಗೆ ಅಭ್ಯಾಸವಾಯಿತು.

"ಪುಟ್ಟೀ, ತಲೆನೋವಿಗೆ ಇಷ್ಟೊಂದು ಪಾತ್ರೆ ತೊಳೀತಾರೇನೇ?" ಎಂದು ಅಪ್ಪ ಒಮ್ಮೆ ಕೇಳಿದರು. ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು. ಅವರು ಮತ್ತೆ ಕೇಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಶ್ಯಾಮಣ್ಣ ಬಂದ. ಆ ಖಾಲಿ ಜಾಗದ ಕಾವಲುಗಾರ, ಕ್ಲಿಪ್ಪಿನ ಬೋರ್ಡು ನೋಡಿಕೊಳ್ಳುತ್ತಿದ್ದವನೂ ಅವನೇ. ಟ್ರ್ಯಾಕಿನ ಬಳಿ ಇಟ್ಟಿದ್ದ ಅಪ್ಪನ ಮಡಚುವ ಟೇಬಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದ.

"ತಗಳ್ಳಿ ಸಾಮಿ. ಓನರ್ರು ಜೆಸಿಬಿ ಬಿಟ್ಟವ್ರೆ. ಟ್ರ್ಯಾಕು ಎಲ್ಲಾ ಅಗೆದಾಕ್ಬುಟ್ರು. ಓದ್ ವಾರಾನೇ ಕೊನೆ."

ಕಾಫಿ ತಂದ ಸುಕೃತಿ ಬಾಗಿಲಲ್ಲೇ ನಿಂತಳು. ಟ್ರ್ಯಾಕೇ ಇಲ್ಲ!

"ಓದ್ ವಾರ ಜೋಡಿ ಓಟ ಮಡಗಿದ್ವಿ ಕಣಮ್ಮ. ಇಬ್ಬಿಬ್ರು ಒಂದು ಜೋಡಿ, ಎರಡೂ ಗಾಡಿ ಒಟ್ಟಿಗೆ ಓಡ್ಬೇಕು. ಎಲ್ಲಾ ಬಂದಿದ್ರು. ನೀವಿಬ್ರೇ ಇಲ್ಲ."

"ನಾವಿಬ್ರಾ?"

"ಊಂ ಮತ್ತೆ! ಆ ಸಿದ್ದ ಎರಡ್ ಮೂರ್ ತಿಂಗಳು ಮುಂಚೇನೇ ನನ್ ತಾವ ಬಂದಿದ್ದ. 'ಶ್ಯಾಮಣ್ಣ, ನನ್ ಜೋಡಿ ಸುಕೃತಿ ಅವ್ರು, ಬೇರೆ ಯಾರಿಗೂ ಅವ್ರನ್ನ ಕೊಡ್ಬೇಡ' ಅಂದ. ನಾನು ನಕ್ಕುಬುಟ್ಟೆ. ಲೇ, ಇಬ್ರುದೂ ಕೆಂಪು, ಒಂದೇ ಬಣ್ಣದೋರು ಒಟ್ಟಿಗೆ ಎಂಗ್ಲಾ ಓಡ್ಸೀರಿ ಅಂದೆ. ಅಂಗಾದ್ರೆ ಬಣ್ಣಾನೇ ತರ್ತೀನಿ ಅಂತ ಓದ. ಯಾವ್ಯಾವ ಊರಿಗೆ ಫೋನ್ ಮಾಡಿ ತರಿಸಿದ್ನೋ ಪಾಪ... ಏನಾಯ್ತೋ ಆಮ್ಯಾಕೆ ಅವನೂ ಬರ್ನಿಲ್ಲ."



ಒಂದೂವರೆ ವರ್ಷದಲ್ಲಿ ಅವಳ ಗಾಡಿ ಎಲ್ಲರ ಗಾಡಿಯ ಜೊತೆಗೂ ಓಡಿತ್ತು. ಅವನ ಗಾಡಿಯ ಜೊತೆ ಒಂದೇ ಒಂದು ಸಲವೂ ಓಡಿರಲಿಲ್ಲ. ಅವನು ಅದಕ್ಕಾಗಿ... ಅಯ್ಯೋ, ಅದಕ್ಕಾಗಿ ತಂದದ್ದನ್ನು ಅವನ ಕೈಗೇ ವಾಪಸ್ಸು ಇಟ್ಟು ಬಂದೆನಲ್ಲ!

"ಅಪ್ಪ..." ಕಾಫಿ ಲೋಟ ಕೆಳಗಿಟ್ಟಳು. "ನಾನು ಹೊರಗೆ ಹೋಗ್ಬೇಕು."

ಕೃಷ್ಣಸ್ವಾಮಿಗಳು ಮಗಳ ಮುಖ ನೋಡಿದರು. "ಹೋಗು ಪುಟ್ಟೀ. ಚಪ್ಪಲಿ ಹಾಕ್ಕೊಂಡು ಹೋಗು."

* * *

ಅವನ ಬಾಡಿಗೆ ರೂಮಿಗೆ ಬೀಗ ಬಿದ್ದಿತ್ತು. ಭಾನುವಾರವೂ ಡ್ಯೂಟಿ ಹಾಕಿಸಿಕೊಂಡಿದ್ದನಂತೆ. ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯ ಗೇಟಿನೆದುರು, ಲಾರಿಗಳ ನಡುವೆ, ಟೀ ಅಂಗಡಿಯ ಗಂಡಸರೆಲ್ಲ ತಿರುಗಿ ನೋಡುತ್ತಿರಲು, ಯಾರ ಮುಖವನ್ನೂ ನೋಡಿ ಮಾತಾಡಲಾರದ ಸುಕೃತಿ ಸೆಕ್ಯೂರಿಟಿಯವನಿಗೆ ಹೇಳಿದಳು:

"ರೇವಣಸಿದ್ದ ಅವರನ್ನ ಕರೀರಿ. ಅರ್ಜೆಂಟು."

ಅವನು ನೀಲಿ ಯೂನಿಫಾರ್ಮಿನಲ್ಲೇ ಓಡಿಬಂದ. ಸೊರಗಿದ್ದ. ಗಡ್ಡ ಬೆಳೆದಿತ್ತು.

"ಸುಕೃತಿ ಅವ್ರೇ! ಏನಾತ್ರಿ? ಅಪ್ಪಾರು ಆರಾಮ ಅದಾರಿಲ್ಲೋ?"

"ಜೋಡಿ ಓಟಕ್ಕೆ ಅಂತ ಯಾಕೆ ಹೇಳ್ಲಿಲ್ಲ?"



"ಹೇಳ್ಬೇಕಂತ ಬಂದಿದ್ನಿ... ನೀವು ಡಬ್ಬಿ ತಿರುಗಿ ಕೊಟ್ರಿ. ನಾ ಅಂದ್ಕೊಂಡ್ನಿ... ಬಾಡಿಗಿ ರೂಮಿನ್ಯಾಗ ಇರೋ ಹುಡುಗ ಅಗದಿ ಸಲಗಿ ತಗೊಂಡ ಅಂತ ನಿಮಗ ಬ್ಯಾಸರಾತು ಅಂತ."

"ನಾನು... ನಿಮಗೆ ನಾನು ಸಾಕಾದೆ ಅಂದ್ಕೊಂಡೆ. ಕೆಂಪು ನೀವು ಇಟ್ಕೊಂಡು ನನ್ನನ್ನ ದೂರ ಕಳಿಸ್ತಿದ್ದೀರಿ ಅಂದ್ಕೊಂಡೆ!"

"ಅಯ್ಯ! ನೀಲಿ ನಾನ ಹಾಕ್ಕೊಳ್ಳಾವ ಇದ್ನಿರಿ. ಆದ್ರ ನನ್ನ ರಿಮೋಟ್ ಕಂಪನಿದು ಎಲ್ಲೂ ಸಿಗಲಿಲ್ಲ. ನಿಮ್ದಕ್ಕ ಕೂಡೂದಷ್ಟ ಸಿಕ್ತು..."

ಇಷ್ಟೇ! ಇಷ್ಟಕ್ಕೇ ಎರಡು ಜೀವ ಇಷ್ಟೊಂದು ನೊಂದವು. ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಇಬ್ಬರೂ ಅಲುಗಲಿಲ್ಲ.

"ಟ್ರ್ಯಾಕ್ ಅಗೆದ್ಬಿಟ್ರಂತೆ." ಅವಳ ಕಣ್ಣು ತುಂಬಿತು. "ಒಂದು ಸಲಾನೂ ನಾವು ಅಲ್ಲಿ ಒಟ್ಟಿಗೆ ಓಡಿಸ್ಲೇ ಇಲ್ಲ."

"ಗೊತ್ತೈತ್ರಿ. ಹೋಗಿ ನೋಡಿ ಬಂದೀನಿ." "ನನ್ನ ಗಾಡಿನೂ ಇಲ್ಲ. ನೀವು ಹೋದ ರಾತ್ರಿ ಒಂದೊಂದ ಸ್ಕ್ರೂ ಬಿಚ್ಚಿ, ತಿರುಗಿ ಡಬ್ಬಿಗೆ ತುಂಬಿ ಇಟ್ಟೀನಿ. ನಿಮ್ಮ ಬಣ್ಣದ ಬಾಡಿ ಒಂದು ಹೊರಗ ಐತಿ. ಅದನ್ನ ಡಬ್ಬಿಗೆ ಹಾಕಾಕ ಆಗಲಿಲ್ಲ."

ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಸಿದ್ದು..." ಮೊದಲ ಸಲ ಹಾಗೆ ಕರೆದಳು. "ನನಗೆ ನೀವು ಅಂದ್ರೆ ಇಷ್ಟ. ತುಂಬಾ. ಹೇಳೋಕೆ ಬರಲ್ಲ ನನಗೆ... ಅದಕ್ಕೇ ಎಲ್ಲಾ ಹಾಳು ಮಾಡ್ಬಿಟ್ಟೆ."

"ಹೇಳಿದ್ರಲ್ರಿ ಈಗ." ಅವನು ನಗಲು ಹೋದ. ಆಗಲಿಲ್ಲ. "ನಾ ಒಂದೂವರಿ ವರ್ಷದಿಂದ ಹೇಳಾಕ ಆಗದ ಬೇರಿಂಗ್ ಹಾಕ್ಕೋತ ಕುಂತಿದ್ನಿ. ನನಗೂ ನೀವ ಬೇಕ್ರಿ."

ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ಕೈ ಎತ್ತಿದವನು, ತನ್ನ ಬೆರಳು ನೋಡಿಕೊಂಡು ಅರ್ಧಕ್ಕೇ ನಿಲ್ಲಿಸಿದ. ಮೆಷಿನ್ ಬಿಟ್ಟು ಹಾಗೇ ಓಡಿಬಂದಿದ್ದ. ಮೊಣಕೈವರೆಗೂ ಕಪ್ಪು.

"ಒರಸ್ತಿದ್ನಿ... ಕೈ ಎಲ್ಲಾ ಎಣ್ಣಿ ಆಗೇತ್ರಿ. ಮುಖಕ್ಕ ಹತ್ತತೈತಿ."

ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. ಸುಕೃತಿ ಒಂದು ಹೆಜ್ಜೆ ಮುಂದೆ ಬಂದು, ಮುಖ ಎತ್ತಿದಳು.

"ಹತ್ತಲಿ."