ಏರಿ ಜಿನುಗಿದ ವರ್ಷ

ದೋಣಿ ವಿಹಾರದ ಕೆರೆಯನ್ನು ಖಾಲಿ ಮಾಡಿಸಿದ್ದು ತೂಬಿನವನೇ ಎಂದು ಗೊತ್ತಾದ ದಿನದಿಂದ ದೋಣಿಯವಳು ಅವನ ಜೊತೆ ಮಾತು ಬಿಟ್ಟಳು.

ಆ ಕೆರೆಯ ಚಿಕ್ಕ ಮಣ್ಣಿನ ಏರಿಯನ್ನು ಅವನು ಹನ್ನೊಂದು ವರ್ಷ ನೋಡಿಕೊಂಡಿದ್ದ. ದಿನಕ್ಕೆರಡು ಬಾರಿ ಅದರ ಮೇಲೆ ನಡೆಯುವುದು, ತೂಬಿನ ಬಾಗಿಲಿಗೆ ಗ್ರೀಸ್ ಹಚ್ಚುವುದು, ಏರಿಯ ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು ಅವನ ಕೆಲಸ. ನೀರು ತಿಳಿಯಾಗಿದ್ದರೆ ಭಯವಿಲ್ಲ. ಈ ಸಲ ಲೋಟದ ತಳದಲ್ಲಿ ಕೆಂಪು ಮಣ್ಣು ಕೂತಿತು. ಏರಿ ಒಳಗೊಳಗೇ ಕರಗುತ್ತಿತ್ತು. ಅವನು ಅಂದೇ ನೀರಾವರಿ ಆಫೀಸಿಗೆ ಬರೆದ. ಮೂರನೆಯ ದಿನ ತೂಬು ಎತ್ತಿ ಕೆರೆ ಖಾಲಿ ಮಾಡಲು ಆದೇಶ ಬಂತು.

ದೋಣಿಯವಳಿಗೆ ಇದ್ದದ್ದು ಅಪ್ಪ ಬಿಟ್ಟುಹೋದ ಒಂಬತ್ತು ಪೆಡಲ್ ದೋಣಿಗಳು ಮತ್ತು ಅಕ್ಕನ ಮನೆಯಲ್ಲೊಂದು ಕೋಣೆ. ನೀರು ಇಳಿದಂತೆ ದೋಣಿಗಳು ಒಂದೊಂದಾಗಿ ಕೆಸರಿಗೆ ಕೂತವು. ಹಗ್ಗ ಕಟ್ಟಿ ಅವಳೊಬ್ಬಳೇ ದಡಕ್ಕೆ ಎಳೆದಳು. ನಾಲ್ಕು ದಿನಕ್ಕೆ ಐದು ದೋಣಿ. ಅವನು ಏರಿಯ ಮೇಲೆ ಹಾದುಹೋಗುವಾಗ ಬೇಕೆಂದೇ ಬೆನ್ನು ತಿರುಗಿಸುತ್ತಿದ್ದಳು. ಅವನು ದಾಟಿದ ಮೇಲೆ ಒಮ್ಮೆ, ಮುಖಕ್ಕೆ ಬಿದ್ದ ಕೂದಲು ಸರಿಸುವ ನೆಪದಲ್ಲಿ, ತಿರುಗಿ ನೋಡುತ್ತಿದ್ದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡೂ ಸಾಕಾಗಿತ್ತು.

ಐದನೆಯ ದಿನ ಮಧ್ಯಾಹ್ನ ಅವನು ಪ್ಯಾಂಟು ಮಡಚಿ ಕೆಸರಿಗಿಳಿದು, ಅವಳ ಜೊತೆ ಹಗ್ಗಕ್ಕೆ ಕೈ ಹಾಕಿದ. ಬೇಡ ಎನ್ನುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. ಆರನೆಯ ದೋಣಿ ದಡ ಸೇರಿದಾಗ ಇಬ್ಬರೂ ಅದಕ್ಕೇ ಒರಗಿ ಕೂತರು. ಅವನ ಕಣ್ಣು ಅವಳ ಅಂಗೈಯ ಬೊಬ್ಬೆಗಳ ಮೇಲೆ ನಿಂತಿತು. ಅವಳು ಕೈ ಮುಚ್ಚಿಕೊಂಡಳು.

“ನನಗೆ ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಒಂದು ವಾರ ತಡೀರಿ ಅಂತಿದ್ರಿ.”

“ಅಂತಿದ್ದೆ. ರಜಾ ಬಂದಿತ್ತು, ಜನ ಬರೋ ಕಾಲ. ನೀವು ಆಗಲ್ಲ ಅಂದಿದ್ರೆ ಆಗಿತ್ತು.”

ಅವನು ಕಾಲಿನ ಕೆಸರು ಉಜ್ಜಿಕೊಂಡ.

“ನೀವು ಕೇಳಿದ್ರೆ ನಾನು ತಡೀತಿದ್ದೆ. ನನಗೆ ಭಯ ಆಗಿದ್ದೇ ಅದಕ್ಕೆ. ಏರಿ ಕೆಳಗೆ ಮೊದಲನೇ ಮನೆ ನಿಮ್ಮಕ್ಕಂದು.”

ಅವನ ಸಂಜೆಯ ಸುತ್ತು ಪ್ರತಿದಿನ ತನ್ನ ಟಿಕೆಟ್ ಕಿಟಕಿಯ ಮುಂದೆಯೇ ಏಕೆ ಮುಗಿಯುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅವನು ಬಾಯಿ ಬಿಡಲಿ ಎಂದು ಏಳು ವರ್ಷ ಕಾದು ಆಸೆಯೇ ದಣಿದಿತ್ತು. ಬಾಯಿ ಬಿಟ್ಟದ್ದು ಈಗ, ಬರಿದಾದ ಕೆರೆಯ ಮುಂದೆ.

ಏರಿ ಸರಿಹೋಗಲು ಎರಡು ವರ್ಷವಾದರೂ ಬೇಕು ಎಂದು ಅವನು ಹೇಳಿದ. ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಆಮೇಲೆ ಕಣ್ಣು ಮುಚ್ಚಿ ದೋಣಿಗೆ ತಲೆ ಆನಿಸಿದಳು.

“ನನಗೀಗ ನಾಚಿಕೊಳ್ಳೋಕೂ ಶಕ್ತಿ ಇಲ್ಲ. ಭಾನುವಾರ ಮನೆಗೆ ಬನ್ನಿ. ಅಕ್ಕನ ಹತ್ರ ಹೆಣ್ಣು ಕೇಳಿ.”

“ಯಾವ ಭಾನುವಾರ?”

“ಬರೋ ಭಾನುವಾರ. ಯಾಕೆ, ಇದಕ್ಕೂ ಆಫೀಸಿಂದ ಆದೇಶ ಬರಬೇಕಾ?”

ಅವನು ನಕ್ಕ. ಅವಳಿಗೂ ನಗು ಬಂತು, ಬಂದದ್ದು ಅರ್ಧದಲ್ಲೇ ಅಳುವಾಯಿತು. ಅವನು ಅವಳ ಕೈ ಹಿಡಿದ, ಬೊಬ್ಬೆ ನೋಯದ ಹಾಗೆ, ಮಣಿಕಟ್ಟಿನ ಹತ್ತಿರ. ಕೆಸರಿನಲ್ಲಿ ಇನ್ನೂ ಮೂರು ದೋಣಿ ಉಳಿದಿದ್ದವು. ಅಂದು ಅವನ್ನು ಯಾರೂ ಎಳೆಯಲಿಲ್ಲ.