ಎತ್ತಿ ನೋಡಬಾರದ ಮರ

ಪ್ರೇಮದ ಬಗ್ಗೆ ಬರೆಯುವಷ್ಟು ತಿಳಿದವಳಲ್ಲ ನಾನು. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುತ್ತೇನೆ, ಓದಿದ್ದು ಸಂಜೆ ಕಾಲೇಜಿನಲ್ಲಿ. ತಪ್ಪಿದ್ದರೆ ಕ್ಷಮಿಸಿ. ಆದರೆ ಅಣ್ಣ ಈ ವಿಷಯವನ್ನು ತನಗೆ ಬೇಕಾದ ಹಾಗೆ ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಿದ್ದಾನೆ. ಅದಕ್ಕಿಂತ ನಾನೇ ಹೇಳುವುದು ವಾಸಿ.

ಅಪ್ಪ ಹೋದಮೇಲೆ ಅವರ ಬೋನ್ಸಾಯ್ ಮರವನ್ನು ಕೇಳುವವರೇ ಇರಲಿಲ್ಲ. ಮೊಳದುದ್ದದ ಮರ, ಇಪ್ಪತ್ತೆರಡು ವರ್ಷದ್ದು. ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಹಿಂದೆ, ಮೂರೇ ಮೂರು ಎಲೆ ಇಟ್ಟುಕೊಂಡು ನಿಂತಿತ್ತು. ಬಾಲ್ಕನಿಗೆ ಗಾಜು ಹಾಕಿಸಲು ಹೊರಟ ಅಣ್ಣ, "ಆ ಕಡ್ಡೀನ ಬಿಸಾಕು" ಅಂದ. ನಾನು ಅದನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಗಿಡದ ನರ್ಸರಿಯ ಮಾಲೀಕರು ತಾವೇ ಚೀಲ ಬಿಚ್ಚಿ ನೋಡಿದರು.

"ಯಾರ್ರೀ ಇದನ್ನ ಹೀಗೆ ಉಪವಾಸ ಕೆಡವಿದ್ದು?"

"ನಾವೇ," ಅಂದೆ.

ಅವರು ಉಗುರಿನಿಂದ ತೊಗಟೆ ಕೆರೆದರು. ಒಳಗೆ ಕೂದಲೆಳೆಯಷ್ಟು ಹಸಿರು. "ಜೀವ ಇದೆ. ಮೊಂಡು ಮರ. ಯಾರ ಹಾಗೋ ಏನೋ," ಅಂದು ನನ್ನ ಕಡೆ ನೋಡಿದವರು ಬೇಗ ಕಣ್ಣು ತೆಗೆಯಲಿಲ್ಲ.

ಒಣಗಿದ ಕೊಂಬೆಗಳನ್ನು ಕತ್ತರಿಸಿದರು. ಒಂದರಲ್ಲಿ ಮಾತ್ರ ಹಾಲು ಜಿನುಗಿತು. ಕುಂಡದಿಂದ ತೆಗೆದಾಗ ಬೇರುಗಳು ಸುತ್ತಿ ಸುತ್ತಿ ಕುಂಡದ ಆಕಾರವನ್ನೇ ತಾಳಿದ್ದವು. ಸಣ್ಣ ಸ್ಕ್ರೂಗಳಿಗೆ ಪಳಗಿದ ಬೆರಳು ಅಂತ ಸಿಕ್ಕು ಬಿಡಿಸುವ ಕೆಲಸ ನನಗೆ ಬಂತು. ಮಣ್ಣಿನಲ್ಲಿ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸಾರಿ ಅನ್ನಲಿಲ್ಲ. ಬೇರಿನ ತುದಿ ಕತ್ತರಿಸಿ, ಜರಡಿ ಹಿಡಿದ ಹೊಸ ಮಣ್ಣಿಗೆ ನೆಟ್ಟು, "ಪ್ರತಿ ಭಾನುವಾರ ತಂದು ತೋರಿಸಿ" ಅಂದರು.

ನಾಲ್ಕು ಭಾನುವಾರವಾದರೂ ಒಂದು ಚಿಗುರಿಲ್ಲ. ಐದನೆಯ ಸಲ ಅವರ ಹುಬ್ಬು ಗಂಟಾಯಿತು.

"ನಿಜ ಹೇಳಿ, ಏನು ಮಾಡ್ತಿದ್ದೀರಿ?"

"ಏನಿಲ್ಲ... ಹೊಸ ಬೇರು ಬಂತಾ ಅಂತ ದಿನಾ ಬೆಳಿಗ್ಗೆ ಸ್ವಲ್ಪ ಎತ್ತಿ ನೋಡ್ತೀನಿ. ಮತ್ತೆ ಹಾಗೇ ಕೂರಿಸ್ತೀನಿ."

ಅವರು ನಕ್ಕ ನಗೆಗೆ ಕೈಯಲ್ಲಿದ್ದ ನೀರಿನ ಡಬ್ಬಿ ಚೆಲ್ಲಿತು. "ಕನ್ನಡಕ ಮೇಡಂ! ಇದೇನು ಫ್ರೇಮಾ, ತೆಗೆದು ತೆಗೆದು ಹಾಕೋಕೆ? ಎತ್ತಿದಾಗಲೆಲ್ಲ ಎಳೆ ಬೇರು ಹರಿದುಹೋಗುತ್ತೆ."

ತಂತಿ ಹಾಕಿ ಮರವನ್ನು ಕುಂಡಕ್ಕೆ ಬಿಗಿದರು.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನನ್ನ ಮೇಲೇ ನನಗಿಲ್ಲ."

"ಹಾಗಾದ್ರೆ ಮರದ ಮೇಲಿಡಿ. ಉಳಿದವರು ಕಾಯ್ತೀವಿ."

ಆ 'ಉಳಿದವರು' ಯಾರು ಅಂತ ಬಸ್ಸಿನುದ್ದಕ್ಕೂ ಲೆಕ್ಕ ಹಾಕಿದೆ. ನನ್ನನ್ನು ಬಿಟ್ಟರೆ ಒಬ್ಬರೇ ಸಿಕ್ಕರು.

ನಾನು ಪ್ರತಿ ಭಾನುವಾರ ನರ್ಸರಿಗೆ ಹೋಗುವ ಸುದ್ದಿ ಅಣ್ಣನಿಗೆ ಮುಟ್ಟಿತು. "ಸಂಸಾರ ಮುರಿದುಕೊಂಡವನು, ಮಣ್ಣು ಕಲಸೋನು. ಅವನೂ ಬೇಡ, ಆ ಕಡ್ಡಿಯೂ ಬೇಡ. ನಾಳೆ ಗಾಜಿನವರು ಬರ್ತಾರೆ."

ನಾನು ಬಾಲ್ಕನಿಯಿಂದ ಕುಂಡ ಎತ್ತಿಕೊಂಡು ಬಂದೆ.

"ಗಾಜು ಹಾಕಿಸು ಅಣ್ಣ. ಮರ ನನ್ನ ರೂಮಿನ ಕಿಟಕೀಲಿರುತ್ತೆ. ಅವರು ಭಾನುವಾರ ಹತ್ತು ಗಂಟೆಗೆ ಮುಂಬಾಗಿಲಿಂದಲೇ ಬರ್ತಾರೆ. ಬಾಗಿಲು ನಾನೇ ತೆಗೀತೀನಿ."

ಮನೆಯ ಸೋಫಾ ಎದ್ದು ನಿಂತು ಮಾತಾಡಿದಂತೆ ಅಣ್ಣ ನನ್ನನ್ನೇ ನೋಡಿದ. ಅಡುಗೆಮನೆಯಿಂದ ಅತ್ತಿಗೆ, "ಟೀ ನಾನು ಮಾಡ್ತೀನಿ ಬಿಡು" ಅಂದಳು.

ತಮಾಷೆಯೆಂದರೆ, ನಾನಿನ್ನೂ ಅವರನ್ನು ಕರೆದೇ ಇರಲಿಲ್ಲ. ರೂಮಿಗೆ ಹೋಗಿ ಫೋನ್ ಮಾಡಿದೆ.

"ಭಾನುವಾರ ಮನೆಗೆ ಬರಬೇಕು."

"ಮರ ನೋಡೋಕಾ?"

"ಅಲ್ಲ."

"ಎಷ್ಟು ಗಂಟೆಗೆ?"

"ಹತ್ತಕ್ಕೆ."

"ಒಂಬತ್ತಕ್ಕೇ ಬಂದ್ರೆ ನಿಮ್ಮಣ್ಣ ಏನಂತಾರೆ?"

"ಬೈತಾನೆ."

"ಹಾಗಾದ್ರೆ ಒಂಬತ್ತಕ್ಕೇ."

ಬಂದರು. ಅಣ್ಣ ಪೇಪರ್ ಹಿಂದಿನಿಂದ ಮುಖ ತೆಗೆಯಲಿಲ್ಲ. ಕಿಟಕಿಯಲ್ಲಿ, ಹಾಲು ಜಿನುಗಿದ ಕೊಂಬೆಯ ಬುಡದಲ್ಲಿ, ಅಕ್ಕಿಕಾಳಿನಷ್ಟು ಚಿಗುರು ಮೂಡಿತ್ತು. ನಾನು ಕುಣಿಯುವುದೊಂದೇ ಬಾಕಿ.

"ಸುಳ್ಳು ಹೇಳಲ್ಲ," ಅಂದರು ಅವರು. "ಹೊಸ ಬೇರಿಲ್ಲದೆ, ಕಾಂಡದಲ್ಲಿ ಉಳಿದ ಹಳೇ ಶಕ್ತಿಯಿಂದಲೂ ಚಿಗುರು ಬರಬಹುದು."

"ಬರಲಿ," ಅಂದೆ. "ನಾನಂತೂ ಎತ್ತಿ ನೋಡಲ್ಲ. ನಿಮ್ಮನ್ನೂ ಅಷ್ಟೇ." ಅಣ್ಣನಿಗೆ ಕಾಣುವಂತೆ ರೂಮಿನ ಬಾಗಿಲು ತೆರೆದೇ ಇತ್ತು. ಅವರ ಕೈ ಹಿಡಿದುಕೊಂಡೆ.

ಅಣ್ಣ ಇವತ್ತಿಗೂ ಅವರನ್ನು ಮಾತಾಡಿಸಿಲ್ಲ. ಮುಂದೆ ಮಾತಾಡಿಸುತ್ತಾನೋ, ಗೊತ್ತಿಲ್ಲ. ಮರ ಬೇರು ಬಿಟ್ಟಿದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.