ವ್ಯಾನಿನೊಳಗಿನ ಕುರಿಮರಿ

"ಖರ್ ಖರ್ ಖರ್ ಖರ್" ಎಂದಿತು ವ್ಯಾನು. ಆಮೇಲೆ ಸುಮ್ಮನಾಯಿತು.

"ಇರು ಪುಟ್ಟಿ, ಇನ್ನೊಂದ್ಸಲ ನೋಡ್ತೀನಿ," ಎಂದ ಅಪ್ಪ.

ಇದು ಹನ್ನೊಂದನೆಯ 'ಇನ್ನೊಂದ್ಸಲ'. ಟಾಮ್ಸಿನ್ ಎಣಿಸುತ್ತಲೇ ಇದ್ದಳು. ಅವಳ ಮೊಣಕಾಲಿಗೆ ಒರಗಿಕೊಂಡು ಕಸ್ಟರ್ಡ್ ನಿಂತಿತ್ತು. ಕಸ್ಟರ್ಡ್ ಎಂದರೆ ಎಂಟು ವಾರದ ಕುರಿಮರಿ. ಹುಟ್ಟಿದ ದಿನವೇ ತಾಯಿ ಸತ್ತ ಆ ಮರಿಗೆ ಟಾಮ್ಸಿನ್ ದಿನಕ್ಕೆ ನಾಲ್ಕು ಸಲ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ರಜೆಗೆಂದು ಅಪ್ಪ, ಮಗಳು ಕಡಲ ದಂಡೆಯ ಈ ಕ್ಯಾಂಪಿಗೆ ಬಂದಾಗ ಬಾಟಲಿ ಹಿಡಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಮರಿಯೂ ವ್ಯಾನು ಹತ್ತಿತ್ತು.

ರಜೆಯಾದರೂ ಇವತ್ತು ಶಾಲೆಯಲ್ಲಿ ಮರಿಗಳ ದಿನ. ಮಕ್ಕಳೆಲ್ಲ ತಾವು ಸಾಕಿದ ಕರು, ಕುರಿಮರಿಗಳನ್ನು ಹಗ್ಗ ಹಿಡಿದು ತರುತ್ತಾರೆ. ತೀರ್ಪುಗಾರರು ಬಂದು ನೋಡಿ ರಿಬ್ಬನ್ ಕಟ್ಟುತ್ತಾರೆ. ಹತ್ತು ಗಂಟೆಗೆ ಕುರಿಮರಿಗಳ ಸರದಿ. ಶಾಲೆ ಮುಕ್ಕಾಲು ಗಂಟೆಯ ದಾರಿ. ಈಗಲೇ ಎಂಟೂವರೆ.

"ಅಪ್ಪ, ಮೆಕ್ಯಾನಿಕ್‌ಗೆ ಫೋನ್ ಮಾಡೋಣ."

ಅಪ್ಪ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳು ಕಸ್ಟರ್ಡನ್ನು ಸಾರು ಮಾಡೋಣ ಎಂದಿದ್ದಳೇನೋ ಅನ್ನಬೇಕು. ನ್ಯೂಜಿಲೆಂಡಿನ ನಮ್ಮ ಗಂಡಸರೇ ಹಾಗೆ. ಒಂದು ಗೇಣು ಬೇಲಿ ತಂತಿ ಕೈಗೆ ಸಿಕ್ಕರೆ ಸಾಕು, ವಿಮಾನವನ್ನೂ ರಿಪೇರಿ ಮಾಡುತ್ತೇವೆ ಅನ್ನುತ್ತಾರೆ. ಮೆಕ್ಯಾನಿಕ್‌ನನ್ನು ಕರೆಯುವುದು ಸೋತವರ ಕೆಲಸ. ಅಪ್ಪನಂತೂ ನಿನ್ನೆ ಸಂಜೆ ಮಾಂಸ ಸುಡುವ ಒಲೆಯ ಹತ್ತಿರ ನಿಂತು, ಕ್ಯಾಂಪಿನವರಿಗೆಲ್ಲ ಕೇಳುವಂತೆ, "ನಲವತ್ತು ವರ್ಷದ ವ್ಯಾನು ಇದು. ಇದರ ಒಂದೊಂದು ಮೊಳೆನೂ ನಂಗೆ ಗೊತ್ತು" ಎಂದು ಹೇಳಿಬಿಟ್ಟಿದ್ದ.

ಕೆಟ್ಟ ಇಂಜಿನ್ನಿನ ಸದ್ದು ನಮ್ಮ ಗಂಡಸರಿಗೆ ಊಟದ ಗಂಟೆ ಇದ್ದ ಹಾಗೆ. ಹನ್ನೆರಡನೆಯ 'ಖರ್ ಖರ್'ಗೆ ಪಕ್ಕದ ಡೇರೆಯಿಂದ ನೆವಿಲ್ ಅಜ್ಜ ಬಂದ. ಕೈಯಲ್ಲಿ ಟೀ ಕಪ್ಪು, ಬಗಲಲ್ಲಿ ಸ್ಪ್ಯಾನರುಗಳ ಪೆಟ್ಟಿಗೆ.

"ತಿರುಗುತ್ತೆ, ಹತ್ಕೊಳಲ್ಲ. ಹಾಗಾದ್ರೆ ಸ್ಪಾರ್ಕ್ ಬರ್ತಿಲ್ಲ," ಎಂದ. ಯಾರೂ ಕೇಳಿರಲಿಲ್ಲ.

ಹಿಂದೆಯೇ ಕೋಲಿನ್ ಬಂದ. ಅವನು ಕಸಾಯಿ ಅಂಗಡಿಯವನು. "ಸ್ಪಾರ್ಕೂ ಇಲ್ಲ, ಗೀರ್ಕೂ ಇಲ್ಲ. ಪೆಟ್ರೋಲೇ ಬರ್ತಿಲ್ಲ."

"ನೀನು ಮಾಂಸ ಕಡಿಯೋನು. ಇಂಜಿನ್ ವಿಷ್ಯ ನಿಂಗೇನಪ್ಪಾ ಗೊತ್ತು?"

"ನೀನು ಪೋಸ್ಟ್ ಹಂಚ್ತಿದ್ದೋನು. ನಿಂಗೇನು ಗೊತ್ತು ಅಜ್ಜ?"

ಮೂರನೆಯವನು ವಿರೆಮು. ದಿನವಿಡೀ ಮೀನು ಹಿಡಿಯುವ ಅವನು ಮೂಗೆತ್ತಿ ಗಾಳಿಯನ್ನು ಮೂಸಿದ. "ಕಡಲ ಗಾಳಿ ಕಣ್ರಯ್ಯ. ಒಳಗೆಲ್ಲ ತೇವ ಆಗಿದೆ," ಎಂದವನೇ ಹೆಂಡತಿಯ ಕೂದಲು ಒಣಗಿಸುವ ಮೆಷೀನು ತಂದು ಇಂಜಿನ್ನಿಗೆ ಬಿಸಿಗಾಳಿ ಊದತೊಡಗಿದ.

ಹತ್ತು ನಿಮಿಷದಲ್ಲಿ ವ್ಯಾನಿನ ಅರ್ಧ ಹೊಟ್ಟೆ ಹೊರಗೆ ಬಂದಿತ್ತು. ಪ್ಲಗ್ಗುಗಳು ನೆವಿಲ್ ಅಜ್ಜನ ಕರವಸ್ತ್ರದ ಮೇಲೆ, ಪೆಟ್ರೋಲಿನ ಪೈಪು ಕೋಲಿನ್‌ನ ಕೈಯಲ್ಲಿ, ಯಾವುದೋ ಕಪ್ಪು ಮುಚ್ಚಳ ವಿರೆಮುವಿನ ತೊಡೆಯ ಮೇಲೆ. ಅಪ್ಪ ನಡುವೆ ನಿಂತು ಮೂವರಿಗೂ "ಹೌದು, ನಂಗೂ ಅದೇ ಅನ್ನಿಸ್ತು" ಎನ್ನುತ್ತಿದ್ದ.

ಟಾಮ್ಸಿನ್‌ಗೆ ಅಳು ಬರುವ ಹಾಗಾಯಿತು. ಎಂಟು ವಾರ ಬೆಳಗಿನ ಐದೂವರೆಗೆ ಎದ್ದು ಹಾಲು ಬೆರೆಸಿದ್ದು ಇದಕ್ಕೇನಾ?

"ವಿರೆಮು ಅಂಕಲ್, ನಿಮ್ಮ ಕಾರಲ್ಲಿ ನನ್ನ ಸ್ಕೂಲಿಗೆ ಬಿಡ್ತೀರಾ?"

"ಬಿಡ್ತಿದ್ದೆ ಮರಿ. ಆದ್ರೆ ಇದು ಈಗ ಐದು ನಿಮಿಷದಲ್ಲಿ ಸ್ಟಾರ್ಟ್ ಆಗುತ್ತಲ್ಲ."

"ಕೋಲಿನ್ ಅಂಕಲ್, ನೀವು?"

"ನಾನು ಹೋದ್ರೆ ಈ ಪೋಸ್ಟ್‌ಮನ್ನು ಇಂಜಿನ್ನಿಗೆ ಸ್ಟಾಂಪ್ ಅಂಟಿಸ್ತಾನೆ, ಅಷ್ಟೆ."

ಮೂವರಿಗೂ ಗಟ್ಟಿಮುಟ್ಟಾದ ಕಾರುಗಳಿದ್ದವು. ಮೂರೂ ಸಾಲಾಗಿ ಬಿಸಿಲು ಕಾಯಿಸಿಕೊಳ್ಳುತ್ತಾ ನಿಂತಿದ್ದವು. ಇವರಿಗೆ ಬೇಕಾಗಿದ್ದದ್ದು ಅವಳನ್ನು ಶಾಲೆಗೆ ಮುಟ್ಟಿಸುವುದಲ್ಲ, ತಾವು ಹೇಳಿದ್ದೇ ಸರಿ ಎನ್ನಿಸಿಕೊಳ್ಳುವುದು.

ಎಂಟು ಐವತ್ತಕ್ಕೆ ಕಸ್ಟರ್ಡ್ ಕಾಣಿಸಲಿಲ್ಲ. ಟಾಮ್ಸಿನ್ ವ್ಯಾನಿನೊಳಗೆ ಇಣುಕಿದಳು. ಮುಂದಿನ ಸೀಟಿನ ಕೆಳಗಿಂದ 'ಪಚ್ ಪಚ್' ಎಂಬ ಸದ್ದು ಬರುತ್ತಿತ್ತು. ಮರಿ ಬಾಲ ಅಲ್ಲಾಡಿಸುತ್ತಾ ಏನನ್ನೋ ಚೀಪುತ್ತಿತ್ತು. ಅವಳು ಬಗ್ಗಿ ನೋಡಿದಳು.

ಅದು ರಬ್ಬರ್ ಟೋಪಿ ಹಾಕಿದ ಪುಟ್ಟ ಸ್ವಿಚ್ಚು. ನೋಡಲು ಥೇಟ್ ಬಾಟಲಿಯ ನಿಪ್ಪಲ್ಲು.

ಟಾಮ್ಸಿನ್‌ಗೆ ಒಮ್ಮೆಲೇ ನೆನಪಾಯಿತು. ಎರಡು ವರ್ಷದ ಹಿಂದೆ ಅಪ್ಪನೇ ಅದನ್ನು ಕೂರಿಸಿದ್ದ. ಅದನ್ನು ಕೆಳಗೆ ಮಾಡಿದರೆ ಪೆಟ್ರೋಲ್ ನಿಲ್ಲುತ್ತದೆ. ಕಳ್ಳ ಬಂದು ಎಷ್ಟು ಕೀ ತಿರುಗಿಸಿದರೂ ವ್ಯಾನು 'ಖರ್ ಖರ್' ಎನ್ನುತ್ತದೆಯೇ ಹೊರತು ಹೊರಡುವುದಿಲ್ಲ. ಆದರೆ ಈ ಹಳೇ ವ್ಯಾನನ್ನು ಕದಿಯಲು ಯಾವ ಕಳ್ಳನೂ ಬರಲಿಲ್ಲ. ಒಂದು ವಾರ ಬಳಸಿ ಅಪ್ಪ ಅದನ್ನು ಮರೆತೇಬಿಟ್ಟ. ಬೆಳಗ್ಗೆಯೇ ಮರಿ ಅದನ್ನು ಚೀಪಿರಬೇಕು, ಈಗ ಸ್ವಿಚ್ಚು ಜೊಲ್ಲಿನಲ್ಲಿ ತೋಯ್ದು ಕೆಳಗಾಗಿತ್ತು.

"ಅಪ್ಪಾ," ಎಂದು ಕೂಗಲು ಬಾಯಿ ತೆರೆದಳು. ಹೊರಗೆ ಅಪ್ಪ ಮೂವರಿಗೂ ಏನೋ ವಿವರಿಸುತ್ತಿದ್ದ. ಮೂಗಿಗೆ ಗ್ರೀಸು, ಮುಖದ ತುಂಬ ಠೀವಿ.

ಅವಳು ಬಾಯಿ ಮುಚ್ಚಿದಳು. ಈಗ ಹೇಳಿದರೆ ಈ ಮೂವರು ಮುಂದಿನ ಹತ್ತು ವರ್ಷ ಇದನ್ನೇ ಹೇಳಿಕೊಂಡು ನಗುತ್ತಾರೆ. ಅದೂ ಅಲ್ಲದೆ ಸ್ವಿಚ್ಚನ್ನೂ ಬಿಚ್ಚಿ ನೋಡೋಣ ಎನ್ನುತ್ತಾರೆ. ಅಲ್ಲಿಗೆ ಹನ್ನೊಂದು ಗಂಟೆಯಾಗುತ್ತದೆ. ಅವಳು ಸದ್ದಿಲ್ಲದೆ ಸ್ವಿಚ್ಚನ್ನು ಮೇಲೆ ಮಾಡಿ, ಮರಿಯನ್ನು ಎತ್ತಿಕೊಂಡು ಹೊರಬಂದಳು.

"ನೆವಿಲ್ ಅಜ್ಜ, ಪ್ಲಗ್ ಹೆಂಗೆ ಫಳಫಳ ಅಂತಿವೆ. ವಾಪಸ್ ಹಾಕಿದ್ರೆ ನೀವು ಹೇಳಿದ್ದು ಸರಿ ಅಂತ ಇವರಿಗೆಲ್ಲ ಗೊತ್ತಾಗುತ್ತೆ ಅಲ್ವಾ?"

ಅಜ್ಜ ಟೀ ಕಪ್ಪು ಕೆಳಗಿಟ್ಟ.

ಕೋಲಿನ್‌ನ ಹತ್ತಿರ ಹೋಗಿ ಪಿಸುಗುಟ್ಟಿದಳು. "ಅಂಕಲ್, ಅಜ್ಜ ಪ್ಲಗ್ ಹಾಕ್ತಿದ್ದಾರೆ. ನೀವು ಬೇಗ ಪೈಪ್ ಹಾಕ್ದಿದ್ರೆ ಎಲ್ಲ ಅವರಿಂದಾನೇ ಆಯ್ತು ಅಂದ್ಬಿಡ್ತಾರೆ."

ಕೋಲಿನ್ ಎದ್ದು ಓಡಿದ. ಅದನ್ನು ನೋಡಿ ವಿರೆಮುವೂ ಮುಚ್ಚಳ ಹಿಡಿದು ಓಡಿದ. ಬಿಚ್ಚಲು ಇಪ್ಪತ್ತು ನಿಮಿಷ ಹಿಡಿದದ್ದನ್ನು ಮೂವರೂ ಪೈಪೋಟಿಯ ಮೇಲೆ ಹತ್ತೇ ನಿಮಿಷದಲ್ಲಿ ಜೋಡಿಸಿದರು.

ಅಪ್ಪ ಕೀ ತಿರುಗಿಸಿದ. ಖರ್ ಖರ್, ಖರ್, ಡುರ್ರ್ರ್.

"ನಾ ಹೇಳ್ಲಿಲ್ವಾ?" ಎಂದು ಮೂವರೂ ಒಟ್ಟಿಗೇ ಕೇಳಿದರು. ವ್ಯಾನು ಗೇಟು ದಾಟಿದರೂ ಜಗಳ ಕೇಳಿಸುತ್ತಲೇ ಇತ್ತು.

ದಾರಿಯುದ್ದಕ್ಕೂ ಟಾಮ್ಸಿನ್ ಸ್ವಿಚ್ಚಿಗೆ ಅಡ್ಡವಾಗಿ ಶೂ ಇಟ್ಟುಕೊಂಡೇ ಕೂತಿದ್ದಳು. ಕಸ್ಟರ್ಡ್ ಶೂವನ್ನು ಮೂತಿಯಿಂದ ನೂಕುತ್ತಿತ್ತು.

"ಯಾಕೆ ಹಾಗೆ ಕಾಲು ಸೊಟ್ಟ ಮಾಡ್ಕೊಂಡು ಕೂತಿದ್ದೀಯ?" ಎಂದು ಅಪ್ಪ ಕೇಳಿದ.

"ಸುಮ್ನೆ."

ಹತ್ತಕ್ಕೆ ಐದು ನಿಮಿಷವಿರುವಾಗ ಶಾಲೆ ಮುಟ್ಟಿದರು. ಸೀಟಿನ ಕಾಲಿಗೆ ಕಟ್ಟಿದ್ದ ಮರಿಯ ಹಗ್ಗ ಬಿಚ್ಚಲು ಅಪ್ಪ ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ. ಎದ್ದಾಗ ಅವನ ಬೆರಳಿಗೆ ಜೊಲ್ಲು ಅಂಟಿತ್ತು. ಸ್ವಿಚ್ಚನ್ನು ನೋಡಿದ, ಮರಿಯನ್ನು ನೋಡಿದ, ಅವಳ ಶೂವನ್ನೂ ನೋಡಿದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಓಡು ಓಡು, ಲೇಟಾಯ್ತು," ಎಂದ.

ಮೈದಾನದಲ್ಲಿ ಹಗ್ಗ ಕಟ್ಟಿದ ಅಂಗಳದೊಳಗೆ ಒಂಬತ್ತು ಮಕ್ಕಳು, ಒಂಬತ್ತು ಕುರಿಮರಿಗಳು. ತೀರ್ಪುಗಾರ್ತಿ ಮಿಸೆಸ್ ಹೊಲಿಸ್ ಐವತ್ತು ವರ್ಷ ಕುರಿ ಸಾಕಿದ ಮುದುಕಿ. ಒಂದೊಂದು ಮರಿಯ ಕಿವಿ, ಗೊರಸು, ಬೆನ್ನು ತಡವುತ್ತಾ, ಮಕ್ಕಳನ್ನು ಪ್ರಶ್ನೆ ಕೇಳುತ್ತಾ ಬರುತ್ತಿದ್ದಳು. ಹಗ್ಗದಾಚೆ ಅಪ್ಪ ಬೇರೆ ಅಪ್ಪಂದಿರಿಗೆ ಕತೆ ಶುರು ಮಾಡಿದ್ದ.

"ಪ್ಲಗ್ಗು, ಪೈಪು, ಎಲ್ಲ ಬಿಚ್ಚಿ ಹಾಕ್ದೆ. ಮೆಕ್ಯಾನಿಕ್ ಆಗಿದ್ರೆ ಮೂರು ದಿನ ತಗೋತಿದ್ದ."

ಟಾಮ್ಸಿನ್‌ಗೆ ಎಲ್ಲ ಕೇಳಿಸುತ್ತಿತ್ತು. ಗೊತ್ತಿದ್ದೂ ಹೇಳ್ತಿದ್ದಾನಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಮಿಸೆಸ್ ಹೊಲಿಸ್ ಕಸ್ಟರ್ಡ್‌ನ ಗಲ್ಲ ಹಿಡಿದಳು. "ಚೆನ್ನಾಗಿ ಸಾಕಿದ್ದೀಯಮ್ಮ. ಕೆಟ್ಟ ಚಾಳಿ ಏನಾದ್ರೂ ಇದ್ಯಾ ಇದಕ್ಕೆ?"

ಹಗ್ಗದಾಚೆ ಅಪ್ಪನ ಕತೆ ನಡುವೆಯೇ ನಿಂತಿತು. ಸ್ಪ್ಯಾನರ್ ತಿರುಗಿಸುವುದನ್ನು ತೋರಿಸುತ್ತಿದ್ದ ಕೈ ಗಾಳಿಯಲ್ಲೇ ಉಳಿಯಿತು.

"ಸಿಕ್ಕಿದ್ದನ್ನೆಲ್ಲ ಚೀಪುತ್ತೆ," ಎಂದಳು ಟಾಮ್ಸಿನ್.

"ಏನೇನು ಚೀಪುತ್ತೆ?"

"ಬೆರಳು. ಶೂ ಲೇಸು." ಅವಳು ಅಪ್ಪನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಹೇಳಿದಳು. "ಅಷ್ಟೆ."

"ಅಷ್ಟೇನಾ?" ಮಿಸೆಸ್ ಹೊಲಿಸ್ ಪೆನ್ಸಿಲ್ ಹಿಡಿದು ಅವಳನ್ನೇ ದಿಟ್ಟಿಸಿದಳು. ಟಾಮ್ಸಿನ್‌ನ ಮುಖ ಬಿಸಿಯಾಯಿತು.

"ಸ್ವಿಚ್ಚು," ಎಂದಿತು ಹಗ್ಗದಾಚೆಯಿಂದ ಒಂದು ಧ್ವನಿ.

ಎಲ್ಲರೂ ತಿರುಗಿದರು. ಅಪ್ಪ ಕೈ ಇಳಿಸಿದ್ದ.

"ನನ್ನ ವ್ಯಾನಿನ ಪೆಟ್ರೋಲ್ ಸ್ವಿಚ್ಚನ್ನ ಚೀಪಿ ಆಫ್ ಮಾಡಿತ್ತು. ನಾವು ನಾಲ್ಕು ಜನ ಗಂಡಸರು ಇಂಜಿನ್ನೆಲ್ಲ ಬಿಚ್ಚಿದ್ವಿ. ಕಂಡುಹಿಡಿದೋಳು ಇವಳು. ಅದನ್ನೂ ಬರ್ಕೊಳಿ."

ಮೊದಲು ಒಬ್ಬ ನಕ್ಕ, ಅವನನ್ನು ನೋಡಿ ಇನ್ನೊಬ್ಬ ನಕ್ಕ. ಕರುಗಳ ಕಡೆ ನಿಂತಿದ್ದವರೂ ಏನಂತೆ ಏನಂತೆ ಎಂದು ಕೇಳಿಕೊಂಡು ಬಂದು ನಕ್ಕರು. ಮಿಸೆಸ್ ಹೊಲಿಸ್ ಮಾತ್ರ ನಗದೆ, "ಇಷ್ಟು ಬಲವಾಗಿ ಚೀಪೋ ಮರಿ ಚೆನ್ನಾಗಿ ಬೆಳೆಯುತ್ತೆ," ಎಂದು ಏನೋ ಬರೆದುಕೊಂಡಳು.

ಅಪ್ಪನ ಕಿವಿ ಕೆಂಪಗಾಗಿತ್ತು. ಆದರೂ ಅವನು ಅಲ್ಲಿಂದ ಜಾರಿಕೊಳ್ಳಲಿಲ್ಲ. ಎಲ್ಲರೂ ನಕ್ಕು ಮುಗಿಸುವ ತನಕ ಹಗ್ಗ ಹಿಡಿದು ಮಗಳನ್ನೇ ನೋಡುತ್ತಾ ನಿಂತಿದ್ದ.

ಟಾಮ್ಸಿನ್‌ಗೆ ನಗು ಬರಲಿಲ್ಲ. ಆ ಒಂದು ಮಾತು ಹೇಳುವುದು ಅಪ್ಪನಿಗೆ ಎಷ್ಟು ಕಷ್ಟವೆಂದು ಆ ಮೈದಾನದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.